ಮತ್ಸ್ಯರಾಜನ ಎಲೆ

"ಗುರುಗಳೇ, ಅಪರೂಪದ ವಸ್ತುವೆಂದು ದುಬಾರಿ ಬೆಲೆ ಕೊಟ್ಟು ಮೋಸಹೋದರೆ ಹೋಗುವುದು ಹಣ ತಾನೆ? ಅದನ್ನು ಮತ್ತೆ ಗಳಿಸಬಹುದಲ್ಲ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನಿಗೆ ಹಳೆಯ ಗಂಜೀಫಾ ಎಲೆಗಳ ಹುಚ್ಚು. ಇಸ್ಪೀಟಿನಂಥ ಆಟಕ್ಕೆಂದು ಕೈಯಿಂದ ಚಿತ್ರ ಬರೆದ ದುಂಡನೆಯ ಎಲೆಗಳು ಅವು. ಅವನ ದಶಾವತಾರದ ಕಟ್ಟಿನಲ್ಲಿ ಮತ್ಸ್ಯರಾಜನ ಎಲೆಯೊಂದು ಇರಲಿಲ್ಲ. ಒಂದು ದಿನ ದಲ್ಲಾಳಿಯೊಬ್ಬ ಅದನ್ನೇ ತಂದ. ಬರೆದವನು ಸತ್ತು ನೂರು ವರ್ಷವಾಯಿತು, ಇಂಥದ್ದು ಇನ್ನೊಂದಿಲ್ಲ ಎಂದ. ವ್ಯಾಪಾರಿ ಮೂರು ವರ್ಷದ ದುಡಿಮೆಯನ್ನು ಅವನ ಕೈಗಿಟ್ಟ.

ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಎಲೆಯನ್ನು ತೋರಿಸುವುದೇ ಅವನ ಕೆಲಸವಾಯಿತು. ಬರುವ ವರ್ಷ ಇದರ ಬೆಲೆ ಎರಡರಷ್ಟಾಗುತ್ತದೆ ಎಂದು ಎಲ್ಲರಿಗೂ ಹೇಳಿದ. ಪಕ್ಕದ ಬೀದಿಯ ನೇಕಾರನೊಬ್ಬ ಅದನ್ನು ದಿನವೂ ಕೇಳಿಸಿಕೊಂಡ.

ಕೆಲವು ತಿಂಗಳ ಮೇಲೆ ಚಿತ್ರಗಾರನೊಬ್ಬ ಬೆಲ್ಲ ಕೊಳ್ಳಲು ಬಂದ. ಎಲೆಯನ್ನು ನೋಡಿ ನಕ್ಕ. ಅದನ್ನು ಬರೆದವನು ತನ್ನ ತಮ್ಮನೇ ಎಂದ. ಹಳೆಯದಾಗಿ ಕಾಣಲೆಂದು ಹೊಗೆಗೆ ಹಿಡಿದು ಅಂಥವನ್ನು ಆ ತಮ್ಮ ಹತ್ತಾರು ಮಾರಿದ್ದನಂತೆ. ವ್ಯಾಪಾರಿಯ ಮುಖ ಕಪ್ಪಿಟ್ಟಿತು. ಪೇಟೆಯವರಿಗೆ ತಿಳಿದರೆ ತಲೆ ಎತ್ತಿ ಕೂರುವುದು ಹೇಗೆ ಎಂಬುದೊಂದೇ ಅವನ ಚಿಂತೆ.

ಅದೇ ವಾರ ನೇಕಾರ ಬಂದ. ತನ್ನ ಎರಡು ಮಗ್ಗಗಳನ್ನೂ ಮಾರಿ, ಹೆಂಡತಿಯ ಒಡವೆಯನ್ನೂ ಸೇರಿಸಿ ಹಣ ತಂದಿದ್ದ. ಎಲೆಯನ್ನು ತನಗೆ ಕೊಡಬೇಕೆಂದು ಕೈಮುಗಿದ. ವ್ಯಾಪಾರಿ ತಕ್ಕಡಿಯನ್ನು ಬದಿಗೆ ಸರಿಸಿ ಎಲೆಯನ್ನು ಮುಂದಿಟ್ಟ. ಆಮೇಲೆ, "ನೀನಾದ್ದರಿಂದ ಕೊಡುತ್ತಿದ್ದೇನೆ. ಇಂಥದ್ದು ಇನ್ನೊಂದಿಲ್ಲ" ಎಂದ. ತಾನು ಕೊಟ್ಟಷ್ಟನ್ನೂ ಎಣಿಸಿಕೊಂಡ.

ವರ್ಷ ಕಳೆಯಿತು. ನೇಕಾರ ಎಲೆಯನ್ನು ಮಾರಲು ರಾಜಧಾನಿಗೆ ಹೋಗಿ ಬರಿಗೈಯಲ್ಲಿ ಮರಳಿದ. ನೇರವಾಗಿ ಅಂಗಡಿಗೆ ಬಂದ. ಅವನು ಬರುವುದನ್ನು ಕಂಡ ವ್ಯಾಪಾರಿ, ಬೈಯಲಿ, ಹೊಡೆಯಲಿ ಎಂದುಕೊಂಡ.

ನೇಕಾರ ಬೈಯಲಿಲ್ಲ. "ಶೆಟ್ಟರೇ, ಆ ದಲ್ಲಾಳಿ ನಿಮಗೆ ಮೋಸ ಮಾಡಿದ್ದಾನೆ. ಎಲೆ ಖೋಟಾ. ನೀವು ನೊಂದುಕೊಳ್ಳುತ್ತೀರೆಂದು ಹೇಳಲೂ ಹಿಂಜರಿಕೆಯಾಗುತ್ತಿದೆ" ಎಂದ.

ವ್ಯಾಪಾರಿ ಗಲ್ಲಾಪೆಟ್ಟಿಗೆಯಿಂದ ಹಣದ ಚೀಲ ತೆಗೆದು ಅವನ ಮುಂದಿಟ್ಟ. ನೇಕಾರ ಅದನ್ನು ಹಿಂದಕ್ಕೆ ತಳ್ಳಿದ.

"ಬೇಡ, ಶೆಟ್ಟರೇ. ನೀವೂ ತಿಳಿಯದೆ ಮಾರಿದವರು. ನಿಮ್ಮಿಂದ ಹಣ ಕಿತ್ತುಕೊಂಡರೆ ನಾನು ಮನುಷ್ಯನೇ?"

ತಿಳಿದೇ ಮಾರಿದೆ ಎಂಬ ಒಂದು ಮಾತು ಆಡಿದ್ದರೆ ನೇಕಾರ ಹಣ ತೆಗೆದುಕೊಳ್ಳುತ್ತಿದ್ದ. ಆ ಮಾತು ವ್ಯಾಪಾರಿಯ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಅಂಗಡಿಯ ಮೆಟ್ಟಿಲು ಹತ್ತಿದರು. ಅವನು ಬಾಯಿ ಮುಚ್ಚಿಕೊಂಡ. ನೇಕಾರ ಒಂದು ಲೋಟ ನೀರು ಕುಡಿದು, ಧೈರ್ಯ ತಂದುಕೊಳ್ಳಿ ಎಂದು ಹೇಳಿ ಹೋದ.

ಮರುದಿನದಿಂದ ನೇಕಾರ ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ಕುಳಿತ. ವ್ಯಾಪಾರಿ ಆ ಬೀದಿಯನ್ನು ಬಿಟ್ಟು ಸುತ್ತುಹಾದಿಯಲ್ಲಿ ಅಂಗಡಿಗೆ ಹೋಗತೊಡಗಿದ. ಎದುರಿಗೆ ಸಿಕ್ಕಾಗ ಮೊದಲು ಕೈಮುಗಿಯುತ್ತಿದ್ದವನು ನೇಕಾರನೇ.

ಗುರುಗಳು ನಿಲ್ಲಿಸಿದರು.

"ಆದರೂ ಗುರುಗಳೇ, ವ್ಯಾಪಾರಿಯ ಹಣ ಅವನಲ್ಲೇ ಉಳಿಯಿತಲ್ಲ?" ಎಂದ ಶಿಷ್ಯ.

"ಹೌದಪ್ಪಾ, ಹಣವೊಂದೇ ಉಳಿಯಿತು."