ಮೆಕ್ಯಾನಿಕ್ ಕಟ್ಟಿದ ಪುಟ್ಟ ಮಾರಿಸ್

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಹನ್ನೆರಡು ವರ್ಷದಲ್ಲಿ ಮೂರು ಮಠ ಬದಲಾಯಿಸಿದೆ. ಎರಡು ಸಲ ಮನೆಗೂ ಹೋಗಿ ಬಂದೆ. ಇಲ್ಲಿದ್ದರೆ ಅಲ್ಲಿಯದು ಉಳಿದುಹೋಯಿತು ಅನ್ನಿಸುತ್ತದೆ, ಅಲ್ಲಿದ್ದರೆ ಇಲ್ಲಿಯದು. ದಣಿದುಬಿಟ್ಟೆ. ಏನೂ ಉಳಿಯದ ಹಾಗೆ ಬದುಕುವುದು ಹೇಗೆ?"

ಗುರುಗಳು ಕಾಲು ನೀಡಿಕೊಂಡರು. "ಸರಿಯಾದ ಕಡೆಗೇ ಬಂದೆ. ಇದೇ ಪ್ರಶ್ನೆ ಹೊತ್ತು ಏಳು ಸೀಮೆಯ ಗುರುಗಳು ನನ್ನ ಜಗಲಿಯ ಮೇಲೆ ಸಾಲುಗಟ್ಟಿದ್ದರು. ಮೊನ್ನೆ ತಾನೆ ಉಣ್ಣಿಸಿ ಕಳಿಸಿದೆ. ಅವರಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ, ಕೇಳು."

ಒಬ್ಬ ಮೆಕ್ಯಾನಿಕ್ ಇದ್ದ. ಮೂರು ಬೀದಿಯಾಚೆ ಕಾರು ಕೆಮ್ಮಿದರೆ ಕೂತಲ್ಲಿಂದಲೇ ಮದ್ದು ಹೇಳುತ್ತಿದ್ದ. ನಲವತ್ತು ವರ್ಷದಲ್ಲಿ ಅವನು ಬಿಚ್ಚಿ ಕಟ್ಟಿದ ಇಂಜಿನ್ನುಗಳ ಸಾಲು ಕಾಶಿಗೆ ಹೋಗಿ, ಗಂಗೆಯಲ್ಲಿ ಮುಳುಗಿ, ವಾಪಸು ಬರುವಷ್ಟಿತ್ತು. ಅಷ್ಟೂ ಇಂಜಿನ್ನುಗಳಲ್ಲಿ ಒಂದು ನಟ್ಟೂ ಮಿಕ್ಕಿರಲಿಲ್ಲ. ಕೆಲಸ ಮುಗಿದಾಗ ನೆಲಕ್ಕೆ ಹಾಸಿದ ಗೋಣಿ ಬರಿದಾಗಿರಬೇಕು. ಏನಾದರೂ ಮಿಕ್ಕಿತೋ, ಮತ್ತೆ ಬಿಚ್ಚಬೇಕು. ಅದು ಅವನ ವ್ರತ.

ಆ ಊರಿನ ಡಾಕ್ಟರಮ್ಮನ ಹತ್ತಿರ ಹಳೆಯ ಮಾರಿಸ್ ಮೈನರ್ ಕಾರಿತ್ತು. ಅದನ್ನು ಬದುಕಿಸಿಕೊಂಡು ಬಂದವನು ಇವನು. ಇವನ ಮಗಳನ್ನು ಬದುಕಿಸಿದವರು ಅವರು. ಕೊನೆಗೆ ಕಾರು ಗುಜರಿಗೆ ಹೋಯಿತು. ಡಾಕ್ಟರಮ್ಮನ ಕಣ್ಣೂ ಮಂಜಾಗುತ್ತ ಬಂತು.

"ಇನ್ನೊಂದು ತಿಂಗಳು ಕಂಡರೆ ಹೆಚ್ಚು ಕಣಯ್ಯ," ಅಂದರು ಅವರು. "ಅಷ್ಟರೊಳಗೆ ಆ ಕಾರನ್ನು ಒಂದು ಸಲ ನೋಡಬೇಕಿತ್ತು."

"ತಂದು ಅಂಗೈ ಮೇಲೆ ಇಡುತ್ತೇನೆ, ಅಮ್ಮಾ," ಅಂದ ಮೆಕ್ಯಾನಿಕ್.

ಪಟ್ಟಣದಿಂದ ಒಂದು ಪೆಟ್ಟಿಗೆ ತರಿಸಿದ. ಒಳಗೆ ಅದೇ ಮಾರಿಸ್, ಗೇಣುದ್ದದ್ದು, ಪ್ಲಾಸ್ಟಿಕ್ಕಿನ ಬಿಡಿ ತುಂಡುಗಳಲ್ಲಿ. ಅಂಟು ಹಚ್ಚಿ ಜೋಡಿಸಿಕೊಳ್ಳಬೇಕು. ಸಾಸಿವೆಯಂಥ ತುಂಡುಗಳು, ಬದನೆಕಾಯಿಯಂಥ ಬೆರಳುಗಳು. ಎಂಟು ದಿನ ಬೆನ್ನು ಬಗ್ಗಿಸಿ ಕೂತ. ಕಾರು ಎದ್ದು ನಿಂತಿತು.

ಗೋಣಿಯ ಮೇಲೆ ಒಂದು ಡ್ಯಾಶ್‌ಬೋರ್ಡು ಮಿಕ್ಕಿತ್ತು.

ಕಾರು ಬಿಚ್ಚಿ ಅದನ್ನು ಕೂರಿಸಿದ. ಸರಿಯಾಗಿಯೇ ಕೂತಿತು. ಈಗ ಮೊದಲು ಕೂರಿಸಿದ್ದ ಡ್ಯಾಶ್‌ಬೋರ್ಡು ಮಿಕ್ಕಿತು. ಮತ್ತೆ ಬಿಚ್ಚಿದ.

ಹೆಂಡತಿ ಪೆಟ್ಟಿಗೆಯ ಜೊತೆ ಬಂದ ಚೀಟಿ ತೆಗೆದು ಓದಿದಳು. "ರೀ, ಸ್ಟೀರಿಂಗು ಬಲಕ್ಕಿರುವ ದೇಶಕ್ಕೆ ಒಂದು, ಎಡಕ್ಕಿರುವ ದೇಶಕ್ಕೆ ಒಂದಂತೆ. ಒಂದನ್ನು ಹಾಕಿ ಇನ್ನೊಂದನ್ನು ಬಿಸಾಡಿ ಅಂತ ಅಚ್ಚು ಹಾಕಿದ್ದಾರೆ. ಸಾಕು, ಕೊಟ್ಟು ಬನ್ನಿ."

"ನನ್ನ ಗೋಣಿಯ ಮೇಲೆ ಎಂದಾದರೂ ಮಿಕ್ಕಿದ್ದುಂಟೇನೇ?" ಅಂದ ಅವನು. ಎರಡಕ್ಕೂ ಜಾಗ ಹುಡುಕುತ್ತ ಮತ್ತೆ ಬಿಚ್ಚಿದ. ಅಂಟು ಹಿಡಿದ ಪ್ಲಾಸ್ಟಿಕ್ಕು ಕಬ್ಬಿಣದ ಹಾಗೆ ಬಿಚ್ಚಿಕೊಳ್ಳುವುದಿಲ್ಲ. ಒಂದು ಸಲ ಬಾಗಿಲು ಸೀಳಿತು, ಒಂದು ಸಲ ಛಾವಣಿ. ಸೀಳಿದ್ದನ್ನು ತೇಪೆ ಹಾಕಿದ, ತೇಪೆಯನ್ನು ಉಜ್ಜಿದ, ಬಣ್ಣ ಹಚ್ಚಿದ. ತೋಳು ಸೋತವು. ತಿಂಗಳು ಕಳೆದು ಮೇಲೆ ಐದು ದಿನವಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಡಾಕ್ಟರಮ್ಮ ಆ ಕಾರನ್ನು ನೋಡಿದರೇ?"

ಗುರುಗಳೆಂದರು: "ಅವರ ಕಣ್ಣು ಅಲ್ಲಿಯವರೆಗೆ ಕಾಯಲಿಲ್ಲ, ಮಗು. ನೀನು ಬಿಚ್ಚುತ್ತಿರುವುದು ಇದು ಎಷ್ಟನೆಯ ಸಲ?"