ಕೊಳದ ದಾರಿಯ ಮಣ್ಣು

ಶ್ರೀ ಮರಿದೇವ ಸ್ವಾಮಿಗಳ ಮಠವೆಂದರೆ ಕಾಡಂಚಿನ ಕೊಳದ ಬದಿಗೆ ಒಂದು ಹುಲ್ಲಿನ ಗುಡಿಸಲು, ಅಷ್ಟೇ. ಒಂಟಿ ಸಲಗವೊಂದು ಅದರ ಪಕ್ಕದಿಂದಲೇ ದಿನವೂ ನೀರಿಗೆ ಬರುತ್ತಿತ್ತು. ಸ್ವಾಮಿಗಳು ಯಾತ್ರೆಗೆ ಹೋಗಿದ್ದಾಗ, ಗುರುಗಳ ಪ್ರಾಣಕ್ಕೆ ಏನಾದರೂ ಆದೀತೆಂದು ಭಕ್ತರು ಗುಡಿಸಲನ್ನೂ ಕೊಳವನ್ನೂ ಬಳಸಿ ಆನೆ ಕಂದಕ ತೋಡಿಬಿಟ್ಟರು. ಸಲಗ ಊರಾಚೆಯ ಹೊಳೆ ಹುಡುಕಿಕೊಂಡು ಊರೊಳಗೆ ನುಗ್ಗಿತು. ಗೋಡೆಗಳು ಬಿದ್ದವು, ಬಾಳೆ ಹೋಯಿತು. ಅದನ್ನು ಹಿಡಿಯಲು ಅರಣ್ಯ ಇಲಾಖೆಯಿಂದ ಹುಕುಂ ಬಂತು.

ಸ್ವಾಮಿಗಳು ಮರಳಿದ ದಿನವೇ ಮಾವುತ ಪುಟ್ಟಕಾಳ ತನ್ನ ಪಳಗಿದ ಆನೆ ಗಣಪನೊಡನೆ ಬಂದ. ಕಾಡಾನೆ ಹಿಡಿದು ಹಿಡಿದು ಅವನು ಹಣ್ಣಾಗಿಹೋಗಿದ್ದ. ಇರುಳು ಗಣಪನನ್ನು ಕಾಲಲ್ಲಿ ಸರಪಳಿ ಎಳೆದುಕೊಂಡು ಮೇಯಲು ಬಿಟ್ಟು, ಆ ಸದ್ದಿಗೆ ಕಿವಿಗೊಟ್ಟೇ ಒರಗುವವನು. ನಿದ್ದೆ ಅಂತ ಹತ್ತಿ ಯಾವ ಕಾಲವಾಯಿತೋ.

"ಬುದ್ಧಿ, ಬೆಳಗಾದರೆ ಸಲಗ ಹಿಡೀತಾರೆ. ಇವನಿಗೆ ಭಸ್ಮ ಕೊಟ್ಟು ಹರಸಿ" ಎಂದು ಊರ ಯಜಮಾನ ಗುರುಮಲ್ಲಪ್ಪ ಕೈಮುಗಿದರು.

ಪುಟ್ಟಕಾಳ ಬಾಗಲಿಲ್ಲ. "ನನಗ್ಯಾಕೆ ಭಸ್ಮ? ಹಿಡಿದ ಆನೆ ದೊಡ್ಡಿಯೊಳಗೆ ಕೂಗೋದು ಕೇಳಿ ಕೇಳಿ ಸಾಕಾಗೋಗದೆ. ನಿದ್ದೆ ಬರೋ ಮದ್ದಿದ್ರೆ ಕೊಡಿ ಬುದ್ಧಿ."

"ಏಯ್, ನಾಲಿಗೆ ಬಿಗಿ ಹಿಡಿ!" ಗುರುಮಲ್ಲಪ್ಪ ಗದರಿದರು.

ಸ್ವಾಮಿಗಳು ಕಂದಕವನ್ನೇ ನೋಡುತ್ತ ನಿಂತಿದ್ದರು. "ಇದನ್ನು ತೋಡಿದವರು ಯಾರು?"

"ನಾವೇ ಬುದ್ಧಿ, ತಮ್ಮ ಜೀವಕ್ಕೋಸ್ಕರ."

"ನಾವು ಎದ್ದು ಇನ್ನೊಂದು ಕಡೆ ಕೂತೇವು. ಅದಕ್ಕೆ ಇನ್ನೊಂದು ಕೊಳ ಎಲ್ಲಿದೆಯಪ್ಪಾ?"

ಅಷ್ಟೇ ನುಡಿದವರು ಸನಿಕೆ ಹಿಡಿದು ಕಂದಕಕ್ಕೆ ಮಣ್ಣೆಳೆಯತೊಡಗಿದರು. ಯಾತ್ರೆಯ ದಣಿವನ್ನೂ ಆರಿಸಿಕೊಳ್ಳಲಿಲ್ಲ. ಗುರುಮಲ್ಲಪ್ಪ ಕಣ್ಣೊರೆಸಿಕೊಂಡು ಗುದ್ದಲಿ ತಂದರು, ಊರು ಹಿಂಬಾಲಿಸಿತು. ಇದೆಲ್ಲ ಎಷ್ಟು ಹೊತ್ತಿನ ಆಟವೋ ಎಂದು ನೋಡುತ್ತಿದ್ದ ಪುಟ್ಟಕಾಳ, ಕೊನೆಗೆ ನಿಟ್ಟುಸಿರುಬಿಟ್ಟು ಗಣಪನನ್ನೂ ಮಣ್ಣು ತಳ್ಳಲು ಹೂಡಿದ. ಸಂಜೆಗೆ ದಾರಿ ತೆರೆಯಿತು. ಸ್ವಾಮಿಗಳ ಗುಡಿಸಲು ಕೊಳದಾಚೆಯ ದಿಬ್ಬಕ್ಕೆ ಹೋಯಿತು. "ಸಲಗ ಊರಿಗೆ ಬರದಿದ್ದರೆ ನಮಗೂ ಹಿಡಿಯುವ ಕೆಲಸವಿಲ್ಲ" ಎಂದು ಅರಣ್ಯಾಧಿಕಾರಿಗಳು ಕಾದು ನೋಡಲು ಒಪ್ಪಿದರು.

ಪುಟ್ಟಕಾಳ ದಣಿದು, ಮಣ್ಣು ತುಂಬಿದ ದಾರಿಯ ಪಕ್ಕದಲ್ಲೇ ಒರಗಿದ. ಕಣ್ಣು ಬಿಟ್ಟಾಗ ಬಿಸಿಲೇರಿತ್ತು. ಗಣಪನ ಸರಪಳಿಯ ಸದ್ದೂ ಅವನಿಗೆ ಕೇಳಿರಲಿಲ್ಲ. ಧಡಕ್ಕನೆದ್ದು ಓಡಿದರೆ, ಗಣಪ ಬಿದಿರು ಮೆಳೆಯ ಬಳಿ ಮೇಯುತ್ತಿದ್ದಾನೆ. ತಿರುಗಿ ಬಂದರೆ, ಹಸಿಮಣ್ಣಿನ ಮೇಲೆ ಮೊರದಗಲದ ಹೆಜ್ಜೆಗಳು ಕೊಳಕ್ಕಿಳಿದು, ಬಂದ ದಾರಿಯಲ್ಲೇ ಕಾಡಿಗೆ ಮರಳಿವೆ. ಸಲಗ ಅವನ ತಲೆಯ ಹತ್ತಿರವೇ ಹಾದುಹೋಗಿತ್ತು!

ಕೊಳದಾಚೆ ದಿಬ್ಬದ ಮೇಲೆ ಸ್ವಾಮಿಗಳು ಬೆಳಗಿನ ಪೂಜೆಗೆ ಕುಳಿತಿದ್ದರು. ಪುಟ್ಟಕಾಳ ಆ ಹೆಜ್ಜೆಯ ಮಣ್ಣನ್ನೇ ಚಿಟಿಕೆಯಷ್ಟು ತೆಗೆದು ಹಣೆಗಿಟ್ಟುಕೊಂಡ. ಆಮೇಲೆ, ಯಾರೂ ಹೇಳದಿದ್ದರೂ, ಅಲ್ಲಿಂದಲೇ ನೆಲಕ್ಕೆ ತಲೆ ಮುಟ್ಟಿಸಿದ.