ಒಳಗೆ ಬನ್ನಿ

ಸುತ್ತಲಿನ ಊರಿಗೆಲ್ಲ ಬೋರ್ಡು ಮಾಡಿಕೊಡುತ್ತಿದ್ದ ಸಿದ್ದಲಿಂಗಾಚಾರ್ಯರ ಕಾರ್ಖಾನೆಗೇ ಬೋರ್ಡು ಇರಲಿಲ್ಲ.

ಹೊಳೆಯ ಆಚೆ ದಡದಲ್ಲಿ ಹೆಂಚಿನ ಸೂರು, ಅದರಡಿ ಒಂದು ಬಾಗಿಲು, ಬಾಗಿಲ ಮೇಲೆ ಎರಡು ಖಾಲಿ ಮೊಳೆ. ದೋಣಿಯಲ್ಲಿ ಬರುವವರು ಆ ಮೊಳೆಗಳನ್ನು ನೋಡಿ ನಗುತ್ತಿದ್ದರು. ಆಚಾರ್ಯರೂ ಅವರ ಜೊತೆ ಸೇರಿ ನಕ್ಕುಬಿಡುತ್ತಿದ್ದರು.

ದಾಕ್ಷಾಯಿಣಿ ಮೊದಲ ಸಲ ಬಂದಾಗ ಆ ಬಾಗಿಲು ದಾಟಿ ಮುಂದೆ ಹೋಗಿಬಿಟ್ಟಿದ್ದಳು. ದೋಣಿಯವನನ್ನು ಕೇಳಿಕೊಂಡು ಹಿಂದಕ್ಕೆ ಬಂದಳು.

"ಇಲ್ಲಿ ಕೆಲಸ ಕಲಿಸ್ತೀರಾ?"

"ಹಾಗಂತ ಬೋರ್ಡ್ ಇದೆಯಾ?" ಆಚಾರ್ಯರು ಕೇಳಿದರು.

"ಇಲ್ಲ."

"ಬೋರ್ಡ್ ಇಲ್ಲದ ಕಡೆ ಬಂದು ಕೇಳ್ತಿದ್ದೀಯಲ್ಲ, ಯಾಕವ್ವ?"

"ನಮ್ಮಪ್ಪ ಗೋಡೆ ಮೇಲೆ ಅಕ್ಷರ ಬರೀತಿದ್ರು. ಇರೋ ತನಕ ಅದನ್ನೇ ಮಾಡಿದ್ರು. ಕೆಲವಕ್ಕೆ ಸುಣ್ಣ ಬಳಿದ್ರು, ಕೆಲವನ್ನ ಮಳೆ ತೊಳೀತು, ಮಿಕ್ಕಿದ್ದರ ಮೇಲೆ ಫ್ಲೆಕ್ಸ್ ಕಟ್ಟಿದ್ರು. ಅವರು ಹೋದ ಮೇಲೆ ಊರೆಲ್ಲ ಹುಡುಕಿದೆ. ಅವರ ಕೈಯ ಒಂದಕ್ಷರ ಸಿಗಲಿಲ್ಲ. ನನಗೆ ಉಳಿಯೋ ಅಕ್ಷರ ಬೇಕು."

ಆಚಾರ್ಯರು ಮೂಲೆಯ ಕಡೆ ಕೈ ತೋರಿಸಿದರು.

"ಅಲ್ಲಿ ಜರಡಿ ಇದೆ. ಮರಳು ಜರಡಿ ಹಿಡಿ."

ಅಲ್ಲಿಯ ಕೆಲಸದ ಕ್ರಮ ಹೀಗೆ. ಹಲಗೆಯ ಮೇಲೆ ರಬ್ಬರ್ ಹಾಳೆ ಅಂಟಿಸುತ್ತಾರೆ. ಅದರ ಮೇಲೆ ಅಕ್ಷರ ಬರೆದು, ಅಂಚಿನ ಗುಂಟ ಚಾಕುವಿನಿಂದ ಕೊಯ್ಯುತ್ತಾರೆ. ಅಕ್ಷರದ ಮೇಲಿನ ರಬ್ಬರ್ ಬಿಟ್ಟು ಸುತ್ತಲಿನದನ್ನು ಸುಲಿದು ತೆಗೆಯುತ್ತಾರೆ. ಆಮೇಲೆ ಗಾಳಿಯ ಪೈಪಿನಿಂದ ಮರಳನ್ನು ಜೋರಾಗಿ ಚಿಮ್ಮಿಸುತ್ತಾರೆ. ಬರಿಮೈಯ ಮರ ಸವೆದು ತಗ್ಗಾಗುತ್ತದೆ, ರಬ್ಬರ್ ಹೊದ್ದ ಅಕ್ಷರ ಎದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಉಳಿ, ಎಣ್ಣೆ, ಬಣ್ಣ, ಎಲ್ಲವೂ ಕೈಕೆಲಸ.

ದಾಕ್ಷಾಯಿಣಿ ಒಂದೊಂದಾಗಿ ಎಲ್ಲವನ್ನೂ ಕಲಿತಳು. ಗುರುಗಳು ಪಕ್ಕದಲ್ಲಿಲ್ಲದೆ ಪೈಪು ಹಿಡಿಯುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ.

ಒಂದು ಬೆಳಿಗ್ಗೆ ಜರಡಿ ಆಡಿಸುತ್ತಾ ಅವಳು ಕೇಳಿಯೇಬಿಟ್ಟಳು.

"ಗುರುಗಳೇ, ನಮ್ಮ ಬಾಗಿಲಿಗೆ ಯಾಕೆ ಬೋರ್ಡಿಲ್ಲ?"

"ಇಲ್ಲ ಅಂತ ಯಾರು ಹೇಳಿದ್ದು? ನೀನು ನಿಂತಿರೋದೇ ಅದರ ಮೇಲೆ."

ಕಾರ್ಖಾನೆಯ ನೆಲಕ್ಕೆ ಉದ್ದಕ್ಕೂ ಹಲಗೆ ಹಾಸಿತ್ತು. ಅವಳು ಕಾಲಡಿಯದನ್ನು ಎತ್ತಿ ಮಗುಚಿದಳು. ಅಡಿಯಲ್ಲಿ ಅಕ್ಷರಗಳಿದ್ದವು. ಒಳಗೆ ಬನ್ನಿ. ಚಿನ್ನದ ಬಣ್ಣ ಇನ್ನೂ ಮಾಸಿರಲಿಲ್ಲ. ಪಕ್ಕದ ಹಲಗೆಯನ್ನು ಎತ್ತಿದಳು. ಅದರಲ್ಲೂ ಒಳಗೆ ಬನ್ನಿ. ಅದರಾಚೆಯದರಲ್ಲೂ ಅದೇ.

"ಎಷ್ಟು ಚೆನ್ನಾಗಿದೆ! ಇದಕ್ಕೇನಾಗಿದೆ?"

"ಕೆಲಸದಲ್ಲಿ ಏನೂ ಕುಂದಿಲ್ಲ."

"ಮತ್ತೆ ಕಾಲಡಿಗೆ ಯಾಕೆ ಹಾಕಿದ್ರಿ?"

"ಅದನ್ನೇ ನಾನೂ ಕೇಳ್ತಾ ಇದ್ದೀನಿ" ಎಂದರು ಆಚಾರ್ಯರು.

ಗುರುಗಳ ಮಾಮೂಲಿ ಕೀಟಲೆ ಇದು ಎಂದುಕೊಂಡಳು ದಾಕ್ಷಾಯಿಣಿ.

ಆಚಾರ್ಯರು ಒಳಕೋಣೆಗೆ ಹೋಗಿ ಒಂದು ದೇವದಾರು ಹಲಗೆಯನ್ನು ಹೊತ್ತು ತಂದರು.

"ಇದು ನಿನ್ನ ಪಾಲಿಂದು. ಇದರ ಮೇಲೆ ಅದೇ ಎರಡು ಮಾತು ಬರಿ. ಬಾಗಿಲ ಮೇಲೆ ಹೋಯ್ತೋ, ಈ ಕಾರ್ಖಾನೆ ನಿಂದು, ಇಲ್ಲೇ ಇದ್ದು ಇನ್ನೊಬ್ಬರಿಗೆ ಕಲಿಸು. ನೆಲಕ್ಕೆ ಹೋಯ್ತೋ, ಸಂಜೆ ದೋಣಿ ಹತ್ತು. ಇನ್ನೊಂದು ಹಲಗೆ ಕೊಡೋ ಪದ್ಧತಿ ಇಲ್ಲ. ನಾನು ಮಾಡಿದ ಕಟ್ಟಳೆ ಅಲ್ಲ ಇದು, ನನ್ನ ಗುರುಗಳದ್ದು. ಕಲಿಯೋರಿಗೆ ಅಂತ ಈ ಹಲಗೆಗಳನ್ನ ಕೊಯ್ಸಿಟ್ಟು ಹೋದೋರೂ ಅವರೇ."

ಅವಳು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನಟ್ಟನಡುವೆ ಒಂದು ಗಂಟು. ಹಿಂದೆ ಯಾವಾಗಲೋ ಕೊಂಬೆ ಒಡೆದ ಜಾಗ, ಹುಣಿಸೆಬೀಜದ ಬಣ್ಣ, ರಾಗಿಮುದ್ದೆಯಷ್ಟು ಅಗಲ.

"ಗುರುಗಳೇ, ಇದರಲ್ಲಿ ಗಂಟಿದೆ. ಬೇರೆ ಕೊಡಿ."

"ಮೆಲ್ಲಗೆ ಮಾತಾಡವ್ವ. ಅದಕ್ಕೆ ಕೇಳಿಸುತ್ತೆ."

ಅವಳು ಮತ್ತೆ ಕೇಳಲಿಲ್ಲ. ರಬ್ಬರ್ ಅಂಟಿಸಿದಳು. ಅಪ್ಪ ಕುಂಚದಲ್ಲಿ ಎಳೆಯುತ್ತಿದ್ದ ಹಾಗೆ ಅಕ್ಷರಗಳನ್ನು ದುಂಡಗೆ ಎಳೆದಳು. ಗಂಟು ಎರಡು ಮಾತುಗಳ ನಡುವಿನ ಖಾಲಿ ಜಾಗಕ್ಕೆ ಬರುವಂತೆ ನೋಡಿಕೊಂಡಳು. ಖಾಲಿ ಜಾಗವಾದರೆ ಮರಳು ಅದನ್ನು ತಿಂದು ಹಾಕುತ್ತದೆ ಎಂಬ ಲೆಕ್ಕ.

ಪೈಪು ಹಿಡಿಯುವ ದಿನ ಗುರುಗಳು ಪಕ್ಕದಲ್ಲಿ ನಿಲ್ಲಲಿಲ್ಲ. ಬಟ್ಟೆಗಂಟು ಹೆಗಲಿಗೆ ಹಾಕಿಕೊಂಡು ಒಗೆಯಲು ಹೊಳೆಗೆ ಹೊರಟರು.

"ಇವತ್ತೇ ಒಗೀಬೇಕಾ ಗುರುಗಳೇ?"

"ಬಿಸಿಲು ಚೆನ್ನಾಗಿದೆ" ಎಂದು ನಡೆದೇಬಿಟ್ಟರು.

ಅವಳು ಮುಖಕ್ಕೆ ಕವಚ ಹಾಕಿಕೊಂಡು ಗಾಳಿ ಬಿಟ್ಟಳು. ಮರಳು ಭೋರೆಂದು ಚಿಮ್ಮಿತು. ಮೆದು ಮರ ಸವೆಯುತ್ತಾ ಹೋದಂತೆ ಗಟ್ಟಿ ಗೆರೆಗಳು ಉಳಿದವು. ಮರ ಬೆಳೆದ ವರ್ಷಗಳೆಲ್ಲ ಎಳೆ ಎಳೆಯಾಗಿ ಮೇಲೆ ಬಂದವು. ಅವುಗಳ ನಡುವಿನಿಂದ ಅಕ್ಷರಗಳು ಎದ್ದವು. ಅವಳು ಕವಚದೊಳಗೇ ನಕ್ಕಳು.

ಗಂಟು ಮಾತ್ರ ಕದಲಲಿಲ್ಲ.

ಪೈಪನ್ನು ಹತ್ತಿರ ಹಿಡಿದಳು. ಗಂಟಿನ ಸುತ್ತಲಿನ ಮರ ಹೋಯಿತು, ಗಂಟು ಹೋಗಲಿಲ್ಲ. ಇನ್ನೂ ಹತ್ತಿರ ಹಿಡಿದಳು. ಆಗ ಪಕ್ಕದ ಅಕ್ಷರದ ಅಂಚಿನಲ್ಲಿ ರಬ್ಬರ್ ಏಳತೊಡಗಿತು. ತಟ್ಟನೆ ಗಾಳಿ ನಿಲ್ಲಿಸಿದಳು. ಇನ್ನೊಂದಿಷ್ಟು ಮರಳು ಬಿಟ್ಟಿದ್ದರೆ ಅಕ್ಷರವೇ ಉದುರುತ್ತಿತ್ತು.

ಈಗ ಗಂಟು ಅಕ್ಷರಗಳ ಎತ್ತರಕ್ಕೇ, ಅವುಗಳ ನಡುವೆ, ಯಾರೂ ಕರೆಯದೆ ಬಂದು ಕೂತ ನೆಂಟನ ಹಾಗೆ ಕೂತಿತ್ತು.

ಅವಳು ಉಳಿ ತೆಗೆದುಕೊಂಡಳು. ಗಂಟಿನ ಬುಡಕ್ಕೆ ಉಳಿಯ ಬಾಯಿ ಇಟ್ಟಳು. ಕೊಡತಿ ಎತ್ತಿದಳು. ಹಲಗೆ ಸೀಳಿದರೆ ಏನು ಗತಿ ಎಂದು ಕೈ ನಿಂತಿತು. ಹಿಂದಿನವರು ಹೇಗೆ ಮಾಡಿದ್ದಾರೆ ನೋಡೋಣ ಎಂದು ನೆಲದ ಹಲಗೆಯೊಂದನ್ನು ಎತ್ತಿದಳು.

ಕಣ್ಣಿಗೆ ಏನೂ ಕಾಣಲಿಲ್ಲ. ಕೈಯಾಡಿಸಿದಳು. ಗೆರೆ ಗೆರೆಯಾಗಿ ಒರಟಾಗಿದ್ದ ಮರದ ಮೈ, ನಡುವಿಗೆ ಬಂದಾಗ ಬೆರಳಿಗೆ ಜೀವವಿಲ್ಲದಂತೆ ತಾಕಿತು. ಅಲ್ಲಿದ್ದ ಗಂಟನ್ನು ಕಿತ್ತು, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮೊಳೆಯ ತುದಿಯಿಂದ ಸುಳ್ಳು ಗೆರೆ ಎಳೆದಿದ್ದರು. ಪಕ್ಕದ್ದರಲ್ಲೂ ಹಾಗೇ. ಎಲ್ಲದರಲ್ಲೂ ಹಾಗೇ. ಹೊಸ್ತಿಲ ಬಳಿಯ ಹಲಗೆಯದು ಎಲ್ಲಕ್ಕಿಂತ ಚಾಲಾಕಿನ ಕೆಲಸ. ಅದರಲ್ಲಿ ಆ ಜಾಗ ಹುಡುಕಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅವಳು ತನ್ನ ಹಲಗೆಯ ಮುಂದೆ ಬಂದು ಕೂತಳು.

ಭಯವಾಯಿತು. ಗಂಟು ಬಿಟ್ಟರೆ ಹಲಗೆ ಹಾಳು, ತೆಗೆದರೆ ನೆಲದ ಪಾಲು. ಸಂಜೆಯ ದೋಣಿ ಕಣ್ಣ ಮುಂದೆ ಬಂತು. ಅಪ್ಪನ ನೆನಪಾಗಿ ಅಳುವೂ ಬಂತು. ಅಪ್ಪನ ಅಕ್ಷರಕ್ಕೆ ಸುಣ್ಣ ಬಳಿದವರನ್ನು ಅವಳು ಇಷ್ಟು ದಿನ ಶಪಿಸಿದ್ದಳು. ಇವತ್ತು ಅಷ್ಟು ಮರಳನ್ನು ತಡೆದುಕೊಂಡು ಉಳಿದ ಒಂದನ್ನು ಅಳಿಸಲು ತಾನೇ ಉಳಿ ಹಿಡಿದು ಕೂತಿದ್ದಳು.

ಎದ್ದು ಉಳಿಯನ್ನು ಗೂಟಕ್ಕೆ ಸಿಕ್ಕಿಸಿದಳು.

ಆಮೇಲೆ ಅವಳ ಕೈ ಎಲ್ಲೂ ನಿಲ್ಲಲಿಲ್ಲ. ರಬ್ಬರ್ ಸುಲಿದು, ಅಕ್ಷರಗಳ ಅಂಚು ತೀಡಿ, ಚಿನ್ನದ ಬಣ್ಣ ಹಚ್ಚಿದಳು. ಗಂಟಿಗೆ ಬಣ್ಣ ಹಚ್ಚಲಿಲ್ಲ. ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಉಜ್ಜಿದಳು, ಎಳೆಮಗುವಿನ ತಲೆಗೆ ಉಜ್ಜುವ ಹಾಗೆ. ಉಜ್ಜಿದಷ್ಟೂ ಅದು ಹೊಳೆಯಿತು.

ಹಲಗೆ ಒಣಗಿದ ದಿನ ಗುರುಗಳನ್ನು ಕರೆದಳು. ಆಚಾರ್ಯರು ಬಂದು ಅದರ ಮುಂದೆ ನಿಂತು ಕಣ್ಣು ಮುಚ್ಚಿಕೊಂಡರು. ಬೆರಳು ಮೊದಲ ಅಕ್ಷರದ ಮೇಲೆ ಹೋಯಿತು, ಎರಡನೆಯದರ ಮೇಲೆ, ಮೂರನೆಯದರ ಮೇಲೆ. ಖಾಲಿ ಜಾಗಕ್ಕೆ ಬಂದು ನಿಂತಿತು. ಅಲ್ಲಿ ಖಾಲಿ ಇರಲಿಲ್ಲ.

"ಇದೇನು?"

"ಗಂಟು, ಗುರುಗಳೇ."

"ಯಾಕೆ ಬಿಟ್ಟೆ?"

"ನಾನು ಬಿಡಲಿಲ್ಲ. ಅದೇ ಹೋಗಲಿಲ್ಲ."

"ಉಳಿ ಇರಲಿಲ್ವಾ?"

"ಇತ್ತು. ಕೈಗೂ ತಗೊಂಡಿದ್ದೆ."

"ಮತ್ತೆ?"

ದಾಕ್ಷಾಯಿಣಿ ತಲೆ ತಗ್ಗಿಸಲಿಲ್ಲ.

"ಒಳಗೆ ಬನ್ನಿ ಅಂತ ಬರೆದು, ಒಳಗಿದ್ದವರನ್ನೇ ಹೊರಗೆ ಹಾಕೋಕೆ ಮನಸ್ಸು ಬರಲಿಲ್ಲ."

ಆಚಾರ್ಯರು ಕಣ್ಣು ತೆರೆಯಲಿಲ್ಲ. ಕೈಯನ್ನು ಗಂಟಿನ ಮೇಲಿಂದ ತೆಗೆಯಲೂ ಇಲ್ಲ. ಅವರ ಕೆನ್ನೆ ಒದ್ದೆಯಾದದ್ದನ್ನು ಅವಳು ಮೊದಲ ಸಲ ಕಂಡಳು.

"ಹೊಸ್ತಿಲ ಹತ್ತಿರದ ಹಲಗೆ ಎತ್ತಿ ನೋಡಿದೆಯಾ?"

"ನೋಡಿದೆ. ಎಲ್ಲಕ್ಕಿಂತ ಚೆನ್ನಾಗಿ ಮುಚ್ಚಿರೋದು ಅದೇ."

"ಅದು ನಂದು."

ಅವಳು ಹೊಸ್ತಿಲ ಕಡೆ ತಿರುಗಿ ನೋಡಿದಳು.

"ನೀವು ದೋಣಿ ಹತ್ತಲಿಲ್ವಾ ಗುರುಗಳೇ?"

"ಅವತ್ತು ಹೊಳೆ ತುಂಬಿತ್ತು, ದೋಣಿ ಬರಲಿಲ್ಲ. ನೀರು ಇಳಿಯೋ ಹೊತ್ತಿಗೆ ಗುರುಗಳು ಹಾಸಿಗೆ ಹಿಡಿದಿದ್ರು. ಹೇಗೆ ಬಿಟ್ಟು ಹೋಗೋದು? ಅವರು ತೀರಿಕೊಂಡ ಮೇಲೆ ಹೋಗು ಅನ್ನೋರು ಯಾರೂ ಇರಲಿಲ್ಲ. ಇದ್ದುಬಿಟ್ಟೆ. ಬಂದವರಿಗೆ ಗೊತ್ತಿದ್ದಷ್ಟು ಕಲಿಸಿದೆ. ಅವರು ಮಾಡಿದ್ದೆಲ್ಲ ನನ್ನ ಹಲಗೆ ಥರಾನೇ ಇತ್ತು. ನಂದೇ ನೆಲದಲ್ಲಿರುವಾಗ ಅವನ್ನ ಯಾವ ಮುಖ ಇಟ್ಟುಕೊಂಡು ಮೇಲೆ ಹಾಕಲಿ?"

"ನಿಮ್ಮದನ್ನ ಯಾಕೆ ನೆಲಕ್ಕೆ ಹಾಕಿದ್ರು ಅಂತ ಅವರು ಹೇಳಲಿಲ್ವಾ?"

"ಹೇಳಲಿಲ್ಲ. ಇವತ್ತು ನೀನು ಹೇಳಿದೆ."

ಆಚಾರ್ಯರು ಏಣಿಯನ್ನು ತಾವೇ ತಂದು ಬಾಗಿಲಿಗೆ ಆನಿಸಿದರು. ಅವಳು ಹತ್ತಿದಳು, ಅವರು ಕೆಳಗಿನಿಂದ ಹಲಗೆ ಎತ್ತಿ ಕೊಟ್ಟರು. ಮೊಳೆಗಳು ತುಕ್ಕು ಹಿಡಿದಿದ್ದವು, ಆದರೆ ಭದ್ರವಾಗಿದ್ದವು. ಇಳಿಬಿಸಿಲು ಓರೆಯಾಗಿ ಬಿದ್ದು ಪ್ರತಿ ಅಕ್ಷರಕ್ಕೂ ಒಂದು ನೆರಳು ಹುಟ್ಟಿತು. ಗಂಟಿಗೂ ಹುಟ್ಟಿತು.

ಸಂಜೆಯ ದೋಣಿ ಹೊಳೆಯ ನಡುವೆ ಇತ್ತು. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿ, ಅಲ್ಲಿಂದಲೇ ಗಟ್ಟಿಯಾಗಿ ಓದಿದ.

"ಒಳಗೆ ಬನ್ನಿ!"

ದೋಣಿಯಲ್ಲಿದ್ದವರೆಲ್ಲ ಎದ್ದು ನೋಡಿದರು. ಈ ಸಲ ಯಾರೂ ನಗಲಿಲ್ಲ. ಒಬ್ಬಳು ಮುದುಕಿ ಯಾವುದೋ ಗುಡಿ ಕಂಡವಳಂತೆ ಕೈ ಮುಗಿದಳು.

ದೋಣಿ ದಡಕ್ಕೆ ಬಂತು, ಸ್ವಲ್ಪ ಹೊತ್ತು ನಿಂತಿತು, ದಾಕ್ಷಾಯಿಣಿಯನ್ನು ಬಿಟ್ಟು ಹೊರಟುಹೋಯಿತು.

ಅವಳು ಒಳಗೆ ಬಂದು ಪೊರಕೆ ಹಿಡಿದಳು. ನೆಲದ ತುಂಬ ಮರಳು ಚೆಲ್ಲಿತ್ತು. ಎದೆ ತುಂಬಿ ಬಂದು, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು.

ಬಾಗಿಲು ಬಡಿದ ಸದ್ದಾಯಿತು. ಆ ಬಾಗಿಲು ಹಾಕಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಹೋಗಿ ತೆರೆದಳು.

ಹೊಸ್ತಿಲಿನಾಚೆ ಆಚಾರ್ಯರು ನಿಂತಿದ್ದರು. ಚಪ್ಪಲಿ ಬಿಟ್ಟಿದ್ದರು. ತಲೆಗೆ ಸುತ್ತಿದ್ದ ಟವಲನ್ನು ತೆಗೆದು ಕೈಯಲ್ಲಿ ಮಡಿಸಿ ಹಿಡಿದಿದ್ದರು.

"ಯಾಕೆ ಹೊರಗೇ ನಿಂತ್ರಿ ಗುರುಗಳೇ?"

ಅವರು ಒಮ್ಮೆ ಬಾಗಿಲ ಮೇಲೆ ನೋಡಿದರು, ಒಮ್ಮೆ ಅವಳನ್ನು ನೋಡಿದರು.

"ಬೋರ್ಡ್ ನೋಡಿ ಬಂದೆ. ಇಲ್ಲಿ ಕೆಲಸ ಕಲಿಸ್ತೀರಾ?"